ಆದಿಲಕ್ಷ್ಮಮ್ಮನ ಒಂಟಿ ಚಪ್ಪಲಿ

ಗಂಡ ತೀರ್ಕೊಂಡು ಎರಡು ವರ್ಷ ಆದ್ಮೇಲೆ, ಕೊಟ್ಟಿಗೇಲಿ ನಿಂತಿದ್ದ ಅವರ ಕಾರಿಗೆ ಎತ್ತು ಕಟ್ಟಿಸಿ ಆದಿಲಕ್ಷ್ಮಮ್ಮ ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಎಳಸ್ಕೊಂಡು ಬಂದ್ಲು. ಅದರ ಸದ್ದು ಇನ್ನೊಂದ್ಸಲ ಕೇಳ್ಬೇಕು ಅಂತ ಆಸೆ. ಮೇಸ್ತ್ರಿ ಕಲಂದರ್ ಇಂಜಿನ್ ಬಿಚ್ಚಿ, ಲಕ್ಷ ನಟ್ಟು ಬೋಲ್ಟು ಗೋಣಿತಾಟಿನ ಮೇಲೆ ಹರಡಿದ್ದ.

"ಏನಪ್ಪಾ, ತಿರುಗಿ ಜೋಡಿಸ್ತೀಯೋ, ಸಂತೇಲಿ ಗುಡ್ಡೆ ಹಾಕಿ ಮಾರ್ತೀಯೋ?"

ಕಲಂದರ್ ನಗ್ತಾ ಒಂದು ಕರಿ ತುಂಡು ತೋರಿಸ್ದ. "ಬೇರಿಂಗ್ ಹೋಗಿದೆ ಅಮ್ಮಾ. ಯಜಮಾನ್ರು ಆ ಜಾಗಕ್ಕೆ ಚರ್ಮ ಕುಯ್ದು ಇಟ್ಟವ್ರೆ. ದಾರೀಲಿ ಕೆಟ್ರೆ ಹಿಂಗ್ ಮಾಡಿ ಹೆಂಗೋ ಊರು ಸೇರೋದು."

ಎಣ್ಣೆ ಒರೆಸಿದ್ರೆ ಕೆಂಪು ದಾರದ ಹೊಲಿಗೆ. ಅವಳದೇ ಚಪ್ಪಲಿ! ಜ್ವರದಲ್ಲಿ ಎಚ್ಚರ ತಪ್ಪಿದ್ದ ಅವಳನ್ನ ಗಂಡ ಇದೇ ಕಾರಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಕಳೆದಿದ್ದು. ಅವರ ಕಾಲಲ್ಲಿದ್ದಿದ್ದು ಟೈರಿನ ಚಪ್ಪಲಿ; ಚರ್ಮದ್ದು ಅಂದ್ರೆ ಅವಳದೊಂದೇ. ಅವತ್ತು ನಿಂತ ಕಾರು ಆಮೇಲೆ ಓಡ್ಲೇ ಇಲ್ಲ.

"ನಾಯಿ ಕಚ್ಕೊಂಡು ಹೋಯ್ತು ಕಣೇ" ಅಂದಿದ್ರು. ಇನ್ನೊಂದು ಚಪ್ಪಲೀನ ಗೂಟಕ್ಕೆ ನೇತುಹಾಕಿ, ದಿನಕ್ಕೆ ಸಾವಿರ ಸಲ ಅವರನ್ನ ಹಂಗಿಸಿದ್ಲು. ಅವರು ನಗೋರು ಅಷ್ಟೆ.

"ಹೊಸ ಬೇರಿಂಗ್ ಹಾಕ್ಲಾ ಅಮ್ಮಾ?"

"ಹಾಕಪ್ಪ. ಇದನ್ನ ಮಾತ್ರ ನಂಗೆ ಕೊಡು."

ತುಂಡನ್ನ ಸೆರಗಿಗೆ ಗಂಟು ಹಾಕ್ಕೊಂಡು, ಖಾಲಿ ಡ್ರೈವರ್ ಸೀಟಿನ ಕಡೆ ನೋಡಿದ್ಲು.

"ನಾಯಿಯಂತೆ ನಾಯಿ! ಬೈಸ್ಕೊಳ್ಳೋಕಾದ್ರೂ ಒಂದು ಗಳಿಗೆ ಬಂದು ಹೋಗ್ರಿ."