ಕೈಮಾತಿನ ನಾಲ್ಕು ನಿಮಿಷ

"ಈ ಹಾಡು ಹಾಕು ಅಂತ ನಿನ್ನ ಯಾರಪ್ಪಾ ಕೇಳಿದ್ರು?"

ಶಿವಲಕ್ಷ್ಮಿ ಎದ್ದ ರಭಸಕ್ಕೆ ಸ್ಟೂಲು ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ರಾಯದುರ್ಗದ ಆ ಸ್ಟುಡಿಯೋದ ಟಿವಿಯಲ್ಲಿ ಅವಳ ಮಗಳು ಸೌಜನ್ಯಳ ಮದುವೆಯ ವಿಡಿಯೋ ಓಡುತ್ತಿತ್ತು. ಮದುಮಗಳು ಕ್ಯಾಮೆರಾದ ಮುಂದೆ ನಿಂತು ಕೈ ಎತ್ತಿದ್ದೇ ತಡ, ಅವಳು ಮಾಯವಾಗಿ ಗುಲಾಬಿ ಹೂಗಳು ಉದುರತೊಡಗಿದ್ದವು. ಜೊತೆಗೊಂದು ತೆಲುಗು ಹಾಡು ಬೇರೆ.

"ಅಲ್ಲಿ ಮಾತೇ ಇಲ್ಲಲ್ರಿ ಅಕ್ಕಾರ," ಎಂದ ಸ್ಟುಡಿಯೋದ ಸಿದ್ದರಾಮೇಶ. "ನಾಕ್ ನಿಮಿಷ ಬರೇ ಕೈ ಆಡಿಸ್ಯಾಳ. ಹೋದ್ಸಲ ಕೈ ಮ್ಯಾಲ ಗೆರಿ ಬಂದಾವ ಅಂತ ಜಗಳ ಮಾಡಿದ್ರಿ. ಅದಕ್ಕ ಆ ತುಂಡು ತಗದು ಹಾಡು ಹಾಕೇನಿ. ಚಂದ ಐತಲ್ರಿ?"

ಇಪ್ಪತ್ತೈದು ವರ್ಷದಿಂದ ಈ ಊರಲ್ಲಿ ರವಿಕೆ ಹೊಲಿದು ಇಲ್ಲಿಯ ಮಾತು ಕಲಿತವಳು ಶಿವಲಕ್ಷ್ಮಿ. ಆದರೆ ಸಿಟ್ಟು ನೆತ್ತಿಗೇರಿದರೆ ಬಾಯಿಗೆ ಬರುವುದು ಮಡಕಶಿರದ ಕಡೆಯ ತವರುಮಾತೇ.

"ಮಾತಿಲ್ಲ ಅಂತೀಯಾ? ನನ್ ಮಗಳು ಹುಟ್ಟಿದಾಗಿಂದ ಮಾತಾಡ್ತಿರಾದೇ ಕೈಯಾಗೆ ಕಣಯ್ಯಾ! ಅವ್ಳ ಬಾಯಿಗೆ ಬಟ್ಟೆ ತುರುಕಿ ಹೂವ ಸುರಿದಿದ್ದೀಯಲ್ಲ, ನಿಂಗೆ ನಾಚ್ಕೆ ಆಗಕಿಲ್ವಾ?"

ಸೌಜನ್ಯಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಶಿವಲಕ್ಷ್ಮಿಯ ತಾಯಿ ಕದರಮ್ಮನಿಗೂ ಅಷ್ಟೇ. ಮಡಕಶಿರದ ಕಡೆಯ ಗುಡಿಬಂಡೆ ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜಿಯೂ ರಜೆಗೆ ಹೋಗುತ್ತಿದ್ದ ಮೊಮ್ಮಗಳೂ ಸೇರಿ ಕಟ್ಟಿಕೊಂಡ ಕೈಮಾತು ಯಾವ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಮದುವೆಗೆ ಹದಿನೈದು ದಿನ ಮುಂಚೆ ಕದರಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಳು, ಮದುವೆಗೆ ಬರಲಾಗಲಿಲ್ಲ. ಫೋನಿನ ಪುಟ್ಟ ಚಿತ್ರ ಅವಳ ಕಣ್ಣಿಗೆ ಹತ್ತುವುದಿಲ್ಲ. ಮನೆಯಲ್ಲಿರುವುದು ಡಬ್ಬಿಯಂಥ ಹಳೇ ಟಿವಿ, ಒಂದು ಡಿವಿಡಿ ಪ್ಲೇಯರು. ಅದಕ್ಕೇ ಸೌಜನ್ಯ ಮಂಟಪದ ಪಕ್ಕ ಕ್ಯಾಮೆರಾ ನಿಲ್ಲಿಸಿಕೊಂಡು ಅಜ್ಜಿಗೆ ಹೇಳುವುದನ್ನೆಲ್ಲ ಹೇಳಿದ್ದಳು. ಶಿವಲಕ್ಷ್ಮಿ ಆಗ ಊಟದ ಪಂಕ್ತಿಯಲ್ಲಿದ್ದಳು. ಅಜ್ಜಿಗೆ ತೋರಿಸಲೇಬೇಕು ಎಂದು ಮಗಳು ಗಂಡನ ಮನೆಗೆ ಹೊರಡುವಾಗ ಎರಡು ಸಲ ಕೈಯಲ್ಲಿ ಒತ್ತಿ ಹೇಳಿದ್ದಳು.

ಮೊದಲ ಡಿವಿಡಿಯಲ್ಲಿ ಮುಖ ಸ್ಪಷ್ಟವಾಗಿತ್ತು, ಸೀರೆಯ ಜರಿಯೂ ಎಣಿಸುವಂತಿತ್ತು. ಕೈ ಅಲ್ಲಾಡಿದಾಗ ಮಾತ್ರ ಅದರ ಅಂಚಿಗೆಲ್ಲ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು. ಐದು ಬೆರಳು ಹತ್ತಾಗಿ, ಯಾವುದು ಮಡಚಿದೆ, ಯಾವುದು ಬಿಚ್ಚಿದೆ ಎನ್ನುವುದೇ ತಿಳಿಯದು.

ಶಿವಲಕ್ಷ್ಮಿಯ ಸಿಟ್ಟು ಇಂದಿನದಲ್ಲ. ಎಂಟು ವರ್ಷದವಳಿದ್ದಾಗ ಮಡಕಶಿರದ ಅಂಗಡಿಗಳಲ್ಲಿ ತಾಯಿಯ ಸೆರಗು ಹಿಡಿದು ನಿಂತರೆ, "ಮೂಗಿ ಏನಂತಾಳೆ?" ಎಂದು ಎಲ್ಲರೂ ಇವಳನ್ನೇ ಕೇಳುತ್ತಿದ್ದರು. ಅವತ್ತಿನಿಂದ ತಾಯಿಯ ಪರವಾಗಿ, ಆಮೇಲೆ ಮಗಳ ಪರವಾಗಿ ಮಾತಾಡಿ ಮಾತಾಡಿ ಅವಳ ಗಂಟಲು ಗಟ್ಟಿಯಾಗಿತ್ತು. ಇವರಿಬ್ಬರಿಗೂ ಮಾತಿದೆ ಎಂಬುದು ಇನ್ನೂ ಎಷ್ಟು ಜನರ ತಲೆಗೆ ಬಡಿದು ಹೇಳಬೇಕು?

"ಗೆರೆ ಯಾಕೆ ಬತ್ತದೆ? ಅದ್ನ ಹೇಳು," ಎಂದಳು.

ಸಿದ್ದರಾಮೇಶ ತಲೆ ಕೆರೆದುಕೊಂಡ. "ಆ ಕ್ಯಾಮೆರಾ ಒಂದೇ ಸಲಕ್ಕ ಪೂರಾ ಚಿತ್ರ ತಗಿಯಂಗಿಲ್ರಿ. ಮೊದಲು ಒಂದು ಬಿಟ್ಟು ಒಂದು ಗೆರಿ, ಅದು ಅರ್ಧ ಚಿತ್ರ. ಆಮ್ಯಾಲ ನಡುವಿನ ಗೆರಿ, ಇನ್ನರ್ಧ. ಅಷ್ಟರಾಗ ಕೈ ಸರದಿರ್ತೈತಿ. ದೊಡ್ಡ ಚಿತ್ರ ಡಿವಿಡಿಗೆ ಸಣ್ಣದು ಮಾಡೋವಾಗ ಎರಡೂ ಕಲಸಿ ಹೋಗ್ತಾವ."

"ಎರಡೂ ಕೂಡಿರಾದನ್ನೇ ಸಣ್ಣದು ಮಾಡ್ದಾ?"

"ಹೌದ್ರಿ."

"ಥೂ ನಿನ್ನ! ಲೈನಿಂಗು, ಮೇಲಿನ ಬಟ್ಟೆ ಎರಡ್ನೂ ಬೇರೆ ಬೇರೆ ನೆನೆಸಿ, ಕುಗ್ಗಾದೆಲ್ಲ ಕುಗ್ಗಿದ ಮೇಲೆ ಹೊಲಿತೀವಿ ನಾವು. ಹೊಲಿದ ಮೇಲೆ ನೆನೆಸಿದ್ರೆ ರವಿಕೆ ಸುಕ್ಕಾಗ್ದೆ ಇನ್ನೇನಾಗ್ತದೆ? ಆ ಎರಡು ಅರ್ಧಾನೂ ಮೊದ್ಲು ಬಿಡಿಸು. ಬೇರೆ ಬೇರೆ ಸಣ್ಣದು ಮಾಡು. ಆಮೇಲೆ ಕೂಡ್ಸು."

ಅವನು ಕಂಪ್ಯೂಟರಿನತ್ತ ತಿರುಗಿ ತಾನು ಎಂದೂ ಮುಟ್ಟದ ಆಯ್ಕೆಗಳ ಪಟ್ಟಿಯೊಂದನ್ನು ತೆರೆದ. ಬಳ್ಳಾರಿಯ ಗೆಳೆಯನಿಗೆ ಫೋನು ಮಾಡಿ ಏನೇನೋ ಕೇಳಿಕೊಂಡ. ಶಿವಲಕ್ಷ್ಮಿ ಕದಲಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ, ಬಿಸಿಯಿನ್ನೂ ಆರದ ಡಿಸ್ಕನ್ನು ಅವನು ಪ್ಲೇಯರಿಗೆ ಹಾಕಿದ.

"ಈಗ ನೋಡ್ರಿ."

ಸೌಜನ್ಯ ಕೈ ಎತ್ತಿದಳು. ಒಂದೊಂದು ಬೆರಳೂ ಬೇರೆ ಬೇರೆಯಾಗಿ, ಉಗುರಿನ ಬಣ್ಣದ ಸಮೇತ ಕಂಡಿತು. ಗೆದ್ದ ಹುಮ್ಮಸ್ಸಿನಲ್ಲಿ ಶಿವಲಕ್ಷ್ಮಿ ಮುಂದಕ್ಕೆ ಬಾಗಿದಳು.

ಅಜ್ಜಿ, ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ಎನ್ನುತ್ತಿದ್ದಳು ಸೌಜನ್ಯ ಕೈಯಲ್ಲಿ. ಅವರು ನೋಡಲು ಬಂದ ದಿನ, ಹುಡುಗಿಗೆ ಒಪ್ಪಿಗೆಯಾ ಎಂದು ಅವನ ಅಪ್ಪ ಕೇಳಿದ. ತುಟಿ ನೋಡಿ ನನಗೆ ಗೊತ್ತಾಯಿತು. ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ತಾನೇ ಹೂಂ ಅಂದುಬಿಟ್ಟಳು. ನೀನಿದ್ದಿದ್ದರೆ ನನ್ನನ್ನು ಕೇಳುತ್ತಿದ್ದೆ.

ಹೌದು, ಶಿವಲಕ್ಷ್ಮಿ ಅವತ್ತು ತಿರುಗಿರಲಿಲ್ಲ. ಕೇಳಿದವರಿಗೆ ಉತ್ತರ ಕೊಡುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಕೊಟ್ಟಿದ್ದಳು, ಆಮೇಲೆ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗಿದ್ದಳು. ಶಿವಲಕ್ಷ್ಮಿಗೆ ಮೊದಲು ಮಗಳ ಮೇಲೆ ಸಿಟ್ಟು ಬಂತು, ಅದು ಅಲ್ಲಿ ನಿಲ್ಲದೆ ತನ್ನ ಮೇಲೆಯೇ ತಿರುಗಿತು.

"ಏನಂತಾಳ್ರಿ ಮದುಮಗಳು?" ಸಿದ್ದರಾಮೇಶ ನಗುತ್ತ ಕೇಳಿದ.

"ಅವರಜ್ಜಿಗೆ ಹೇಳವ್ಳೆ. ನಿಂಗಲ್ಲ," ಎಂದು ಡಿಸ್ಕು ಕಿತ್ತುಕೊಂಡು ಹೊರಬಿದ್ದಳು.

ಮರುದಿನ ಬಸ್ಸುಗಳನ್ನು ಬದಲಾಯಿಸಿ ಮಡಕಶಿರ, ಅಲ್ಲಿಂದ ಆಟೋ. ಡಿಸ್ಕು ಮುರಿಯಿತು ಎಂದರೆ ನಂಬದವರಾರು? ದಾರಿಯಲ್ಲಿ ಮೂರು ಸಲ ಅದರ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಒತ್ತಿದಾಗಲೆಲ್ಲ ಸಿದ್ದರಾಮೇಶನ ಗುಲಾಬಿ ಹೂಗಳು ಕಣ್ಣ ಮುಂದೆ ಬಂದವು.

ಹಳ್ಳಿಯಲ್ಲಿ ತಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಡಿಸ್ಕು ಹಾಕಿದಳು. ಕದರಮ್ಮ ನಾಲ್ಕೂ ನಿಮಿಷ ರೆಪ್ಪೆ ಬಡಿಯದೆ ನೋಡಿದಳು. ಮುಗಿದ ಮೇಲೆ ಮತ್ತೊಮ್ಮೆ ಹಾಕು ಎಂದು ಸನ್ನೆ ಮಾಡಿದಳು. ಎರಡನೇ ಸಲವೂ ನೋಡಿಯಾದ ಮೇಲೆ ಮುದುಕಿ ನಿಧಾನವಾಗಿ ಮಗಳ ಕಡೆ ತಿರುಗಿ, ತೋರುಬೆರಳನ್ನು ತನ್ನ ತುಟಿಗೆ ಮುಟ್ಟಿಸಿ, ಅಂಗೈಯನ್ನು ಅವಳ ಮುಂದೆ ಬಿಚ್ಚಿ ಹಿಡಿದಳು.

ಅವಳನ್ನು ನೀನು ಕೇಳಲಿಲ್ಲವಾ?

ಆ ಅಂಗೈ ಹಾಗೇ ಬಿಚ್ಚಿಕೊಂಡು ಕಾಯುತ್ತಿತ್ತು. ಶಿವಲಕ್ಷ್ಮಿಯ ಎರಡು ಕೈಗಳೂ ಮಡಿಲಲ್ಲೇ ಇದ್ದವು.