ಹೇಳಿಕೆಯಲ್ಲಿ ಇಲ್ಲದ ಹೆಸರು

ಅಂತೋನಿಯೊ ಕಳಿಸಿದ ಹೇಳಿಕೆಯ ಕರಡು ಫೋನಿಗೆ ಬಂದಾಗ ಸುಧಾಕರ ಶೆಟ್ಟರು ಬಿಜೂರಿನ ತಮ್ಮ ತೋಟದಲ್ಲಿ ಕಾಯಿ ಕೊಯ್ಯಿಸುತ್ತಿದ್ದರು. ಮರದಿಂದ ದೂರ ಸರಿದು, ಬಿಸಿಲಿಗೆ ಕೈ ಅಡ್ಡ ಹಿಡಿದು ಓದಿದರು. ಓದಿ ಮುಗಿಸುವಾಗ ಸಹಿ ಹಾಕಬೇಕೆಂದು ಮನಸ್ಸಿನಲ್ಲೇ ನಿರ್ಧರಿಸಿದ್ದರು.

ಆಫ್ರಿಕದ ಪಶ್ಚಿಮ ತೀರದ ಮರಾಂಬಾ ಎಂಬ ಸಣ್ಣ ದೇಶದಲ್ಲಿ ಅವರು ಭಾರತದ ರಾಯಭಾರಿಯಾಗಿದ್ದರು. ನಿವೃತ್ತಿಗೆ ಮುಂಚಿನ ಕೊನೆಯ ಹುದ್ದೆ ಅದು. ಆಗ ಅಂತೋನಿಯೊ ಅಲ್ಲಿನ ವಿದೇಶಾಂಗ ಮಂತ್ರಿ. ಸಂಜೆ ಇಬ್ಬರೂ ಕಡಲ ದಂಡೆಯಲ್ಲಿ ನಡೆಯಲು ಹೋಗುತ್ತಿದ್ದರು, ಮಾತು ಹೆಚ್ಚಾಗಿ ಮೀನಿನ ಮೇಲೆ ಇರುತ್ತಿತ್ತು. ಈಗ ಅಲ್ಲಿ ಹೊಸ ಅಧ್ಯಕ್ಷ ಬಂದಿದ್ದ. ಉತ್ತರದ ನೆರೆ ದೇಶದೊಂದಿಗೆ ಜಗಳ ತೆಗೆದು, ಆ ದೇಶದ ಬಂದರಿಗೆ ಹೋಗಿಬಂದ ಹಡಗುಗಳನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದ. ಎದುರು ಮಾತಾಡಿದ ರಾಯಭಾರಿಗಳನ್ನು ಹೊರಗಟ್ಟಿದ್ದ. ಅದರ ವಿರುದ್ಧ ಮರಾಂಬಾದ ಮಾಜಿ ಮಂತ್ರಿಗಳು, ಮಾಜಿ ರಾಯಭಾರಿಗಳು, ನಿವೃತ್ತ ನೌಕಾಧಿಕಾರಿ ಒಬ್ಬರು ಸೇರಿ ಬಹಿರಂಗವಾಗಿ ಮಾತಾಡಲು ಹೊರಟಿದ್ದರು. ‘ನೆರೆಯವರ ಮೇಲಿನ ಸಿಟ್ಟಿಗೆ ದೂರದ ಊರಿನ ನಾವಿಕರನ್ನು ಒತ್ತೆ ಇಟ್ಟುಕೊಳ್ಳುವುದು ವಿದೇಶಾಂಗ ನೀತಿಯಲ್ಲ’ ಎಂದು ಹೇಳಿಕೆಯಲ್ಲಿತ್ತು. ಹಿಂದೆ ಅಲ್ಲಿ ಕೆಲಸ ಮಾಡಿದ ಹೊರದೇಶದ ರಾಯಭಾರಿಗಳೂ ಜೊತೆಗೆ ಸಹಿ ಹಾಕಬೇಕೆಂದು ಅಂತೋನಿಯೊ ಕೇಳಿದ್ದ.

ಹಿಡಿದಿಟ್ಟ ಹಡಗುಗಳ ಹೆಸರುಗಳು ಕೆಳಗಿದ್ದವು. ಅವುಗಳಲ್ಲೊಂದರಲ್ಲಿ ಹೆಮ್ಮಾಡಿಯ ಶೇಖರ ಫಿಟ್ಟರ್ ಆಗಿದ್ದ. ಅವನ ಅಪ್ಪ ಬಚ್ಚ ಪೂಜಾರಿಗೆ ಹೆದ್ದಾರಿಯ ಬದಿಯಲ್ಲಿ ಸಣ್ಣ ದಿನಸಿ ಅಂಗಡಿ. ಹಡಗು ಸಿಕ್ಕಿಬಿದ್ದ ಮೇಲೆ ಆ ಮನೆಯವರು ಸಲಹೆ ಕೇಳಲು ಶೆಟ್ಟರಲ್ಲಿಗೆ ಬಂದು ಹೋಗಿದ್ದರು. ಸಹಿ ಹಾಕುವ ಮೊದಲು ಅವರಿಗೆ ತಿಳಿಸುವುದು ಸರಿ ಎಂದು ಶೆಟ್ಟರು ಶೇಖರನ ಹೆಂಡತಿ ಗಿರಿಜಾಳಿಗೆ ಫೋನ್ ಮಾಡಿದರು.

ಬಂದು ಮಾತಾಡುತ್ತೇನೆ ಎಂದು ಆಕೆ ಫೋನ್ ಇಟ್ಟಳು. ಮಧ್ಯಾಹ್ನದ ಬಸ್ಸಿಗೆ ಮಾವನನ್ನು ಕರೆದುಕೊಂಡು ಬಿಜೂರಿಗೆ ಬಂದಳು.

ಶೆಟ್ಟರ ಹೆಂಡತಿ ವಿನಯಾ ಬೆಲ್ಲ, ನೀರು ತಂದಿಟ್ಟರು. ಇಬ್ಬರೂ ಮುಟ್ಟಲಿಲ್ಲ.

“ಶೆಟ್ರೆ, ನಿಮ್ಮ್ ಹೆಸ್ರ್ ಹಾಕ್ಬೇಡಿ,” ಎಂದಳು ಗಿರಿಜಾ.

“ಎಂತಕೆ?”

“ಕಂಪೆನಿ ಏಜೆಂಟ್ ಫೋನ್ ಮಾಡಿದ್ದ. ಯಾರೂ ಎಂತದೂ ಮಾತಾಡುಕಿಲ್ಲೆ ಅಂದ. ಕೇರಳದ ಒಬ್ಬನ ತಮ್ಮ ಟೀವಿಯಂಗೆ ಮಾತಾಡಿದ್ದಕ್ಕೆ ಆ ಕೇರಳದವನನ್ನೇ ಹಡ್ಗಿಂದ ಇಳ್ಸಿ ಎಲ್ಲಿಗೋ ಕರ್ಕಂಡ್ ಹೋಯಿರ್ ಅಂಬ್ರ್. ನೀವು ಕುಂದಾಪ್ರದವ್ರ್, ನಮ್ಮನಿಯವ್ರೂ ಕುಂದಾಪ್ರದವ್ರ್. ಅಲ್ಲಿಯವ್ರಿಗೆ ಅಷ್ಟ್ ಗೊತ್ತಾರೆ ಸಾಕಲ್ದಾ?”

ಶೆಟ್ಟರು ತಾಳ್ಮೆಯಿಂದ ವಿವರಿಸಿದರು. ಅಂಥ ಅಧ್ಯಕ್ಷರನ್ನು ತಾನು ಕಂಡಿದ್ದೇನೆ, ಎಲ್ಲರೂ ಬಾಯಿ ಮುಚ್ಚಿ ಕೂತರೆ ಅಂಥವನಿಗೇ ಅನುಕೂಲ ಎಂದರು. “ಹೊರಗಿನವ್ರಿಗೆ ಗೊತ್ತಾರೆ ಮಾತ್ರ ಅವ್ನಿಗೆ ಹೆದ್ರಿಕೆ. ಗೊತ್ತಿಲ್ದಿದ್ರೆ ಆ ಹಡ್ಗಂಗೆ ಜನ ಇದ್ದದ್ದೇ ಯಾರಿಗೂ ನೆನಪಿರುದಿಲ್ಲೆ, ಮಗಾ.”

“ನೀವ್ ಹೇಳುದ್ ಸರಿಯೇ ಇಪ್ಪುಕೂ ಸಾಕ್,” ಎಂದಳು ಗಿರಿಜಾ. “ತಪ್ಪಿರೆ? ನಿಮ್ಗೆ ಒಂದ್ ಅಂದಾಜ್ ತಪ್ಪಿತ್. ನಂಗೆ ಗಂಡ ಇಲ್ಲೆ.”

ಬಚ್ಚ ಪೂಜಾರಿ ಎದ್ದು ಬಂದು ಶೆಟ್ಟರ ಕಾಲಿಗೆ ಬಗ್ಗಿದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಶೆಟ್ಟರು ಗಾಬರಿಯಿಂದ ಅವರ ತೋಳು ಹಿಡಿದೆತ್ತಿದರು.

“ಇದೆಲ್ಲ ಎಂತ ಮಾಡ್ತ್ರಿ ಮರಾಯ್ರೆ! ಆಯ್ತ್. ಅವ ಮನಿಗೆ ಬಪ್ಪಲ್ಲಿವರಿಗೆ ನಾ ಬಾಯಿ ಬಿಡುದಿಲ್ಲೆ.”

ಅವರು ಹೋದ ಮೇಲೆ ವಿನಯಾ ಲೋಟಗಳನ್ನು ಎತ್ತುತ್ತಾ, “ನಿಮ್ಗೆ ಸಮಾಧಾನ ಇತ್ತಾ?” ಎಂದು ಕೇಳಿದರು. ಶೆಟ್ಟರು ಅಂತೋನಿಯೊಗೆ ಫೋನ್ ಮಾಡಲು ಒಳಗೆ ಹೋದರು.

ಅಂತೋನಿಯೊ ಸಿಟ್ಟಾಗಲಿಲ್ಲ. “ನಿನ್ನ ಊರಿನವರು ಕೇಳಿದ್ದಾರೆ, ನೀನು ಅವರ ನಡುವೆ ಬದುಕಬೇಕು. ನನಗೆ ಅರ್ಥವಾಗುತ್ತದೆ,” ಎಂದ. ಆಮೇಲೆ ಸ್ವಲ್ಪ ನಕ್ಕು, “ನನ್ನ ಮಗಳು ತೆರೇಜಾ ಕೂಡ ಬೇಡ ಅನ್ನುತ್ತಿದ್ದಾಳೆ. ನಾನು ಕೇಳುತ್ತಿಲ್ಲ, ಅಷ್ಟೇ,” ಎಂದ.

ಹೇಳಿಕೆ ಹೊರಬಂತು. ಅದರ ವೀಡಿಯೊವನ್ನು ಶೆಟ್ಟರು ಚಾವಡಿಯಲ್ಲಿ ಕೂತು ನೋಡಿದರು. ಉದ್ದನೆಯ ಮೇಜಿನ ಹಿಂದೆ ವಯಸ್ಸಾದವರು ಸಾಲಾಗಿ ಕೂತಿದ್ದರು. ನಡುವೆ ದಪ್ಪ ಕನ್ನಡಕದ ಅಂತೋನಿಯೊ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಓದಿದ. ಹಡಗುಗಳ ಹೆಸರು ಬಂದಾಗ ಒಂದೊಂದನ್ನೂ ಎರಡೆರಡು ಸಲ ಹೇಳಿದ.

ಮರುದಿನ ಅಧ್ಯಕ್ಷ ಟೀವಿಯಲ್ಲಿ ಬಂದು ಅವರನ್ನೆಲ್ಲ ದೇಶದ್ರೋಹಿಗಳೆಂದ. ಆ ವಾರವೇ ಬಂಧನಗಳು ಶುರುವಾದವು. ಅಂತೋನಿಯೊನನ್ನು ಮನೆಯಿಂದ ಎತ್ತಿಕೊಂಡು ಹೋದರು. ಅವನಿಗೆ ಸಕ್ಕರೆ ಕಾಯಿಲೆ, ದಿನವೂ ಇಂಜೆಕ್ಷನ್ ಬೇಕು. ಜೈಲಿನಲ್ಲಿ ಅದನ್ನು ಕೊಡುತ್ತಿಲ್ಲ, ಅಪ್ಪನ ಹಳೆಯ ಸ್ನೇಹಿತರು ದಯವಿಟ್ಟು ಮಾತಾಡಿ ಎಂದು ತೆರೇಜಾ ಎಲ್ಲರಿಗೂ ಬರೆದಳು. ಶೆಟ್ಟರಿಗೂ ಬರೆದಳು.

ಇನ್ನಾದರೂ ಬಾಯಿ ಬಿಡಬಹುದೇ ಎಂದು ಕೇಳಲು ಶೆಟ್ಟರು ಗಿರಿಜಾಳಿಗೆ ಫೋನ್ ಮಾಡಿದರು. ಆಕೆ ಎತ್ತಲಿಲ್ಲ. ಬಚ್ಚ ಪೂಜಾರಿಯವರ ಅಂಗಡಿಗೇ ಹೋದರು. ಅವರು ತಕ್ಕಡಿಯಿಂದ ತಲೆಯೆತ್ತದೆ, “ಹಡ್ಗ್ ಇನ್ನೂ ಅಲ್ಲೇ ಇತ್ತ್ ಶೆಟ್ರೆ,” ಎಂದರು. ಶೆಟ್ಟರು ತಿರುಗಿ ಬಂದರು. ದಿಲ್ಲಿಯಲ್ಲಿ ಇನ್ನೂ ಹುದ್ದೆಯಲ್ಲಿದ್ದ ಕಿರಿಯ ಸಹೋದ್ಯೋಗಿಗಳಿಗೆ ಗುಟ್ಟಾಗಿ ಫೋನ್ ಮಾಡಿದರು. ನೋಡೋಣ ಸಾರ್ ಎಂದರು ಅವರು. ತೆರೇಜಾಳಿಗೆ ಏನು ಬರೆಯುವುದೆಂದು ತಿಳಿಯದೆ, ಪ್ರಯತ್ನ ಮಾಡುತ್ತಿದ್ದೇನೆ ಎಂದಷ್ಟೇ ಬರೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂತೋನಿಯೊ ಜೈಲಿನಲ್ಲೇ ತೀರಿಕೊಂಡ ಸುದ್ದಿ ಬಂತು. ಶೆಟ್ಟರು ಅಂದು ಊಟ ಮಾಡಲಿಲ್ಲ. ವಿನಯಾ ಒತ್ತಾಯಿಸಲಿಲ್ಲ.

ಹಡಗನ್ನು ಬಿಟ್ಟದ್ದು ಅದಾದ ಮೇಲೆ. ಮರಾಂಬಾಕ್ಕೂ ಆ ನೆರೆ ದೇಶಕ್ಕೂ ಏನೋ ಒಪ್ಪಂದ ಆಯಿತಂತೆ. ಏನೆಂದು ಯಾರೂ ಹೇಳಲಿಲ್ಲ. ಶೇಖರ ಮುಂಬಯಿಗೆ ಬಂದಿಳಿದು, ಅಲ್ಲಿಂದ ರೈಲಿನಲ್ಲಿ ಊರು ಸೇರಿದ. ಸ್ವಲ್ಪ ಚೇತರಿಸಿಕೊಂಡ ಮೇಲೆ ಗಿರಿಜಾ, ಬಚ್ಚ ಪೂಜಾರಿ ಇಬ್ಬರೂ ಅವನನ್ನು ಬಿಜೂರಿಗೆ ಕರೆತಂದರು. ಶೆಟ್ಟರು ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೆ ಕೃತಜ್ಞತೆ ಹೇಳಬೇಕಿತ್ತು; ಆ ಮಾತು ಯಾವುದೆಂದು ಶೇಖರನಿಗೆ ಇನ್ನೂ ತಿಳಿಸಿರಲಿಲ್ಲ. ಗಿರಿಜಾ ಬಾಳೆಹಣ್ಣಿನ ಚಿಪ್ಪು, ಬೈಂದೂರಿನ ಅಂಗಡಿಯ ಸಿಹಿ ತಂದಿದ್ದಳು.

ಶೇಖರ ಸೊರಗಿ ಅರ್ಧ ಆಗಿದ್ದ. ಕುತ್ತಿಗೆ, ತೋಳುಗಳಲ್ಲಿ ಹುಣ್ಣಿನ ಕಪ್ಪು ಕಲೆಗಳು. ಉಪ್ಪು ನೀರಿನಲ್ಲೇ ಮಿಂದದ್ದಕ್ಕೆ ಆದವು ಎಂದ.

“ಕುಡುಕೂ ನೀರಿರಲಿಲ್ಲೆ ಶೆಟ್ರೆ. ಎ.ಸಿ.ಯಿಂದ ಬಿದ್ದ ನೀರ್ ಹಿಡ್ದ್ ಕುಡಿತಿದ್ದಿತ್. ನಮ್ಮ ಅಡ್ಗಿಯವ್ರ್, ರತ್ನಗಿರಿಯವ್ರ್, ಜ್ವರ ಬಂದ್ ಹೋದ್ರ್. ಹೆಣ ಮೀನ್ ಇಡು ಫ್ರೀಜರಂಗೇ ಇಟ್ಟದ್ದ್.”

ಬಚ್ಚ ಪೂಜಾರಿ ನೆಲ ನೋಡುತ್ತಿದ್ದರು. ಈ ಮಾತನ್ನು ಅವನು ಮನೆಯಲ್ಲೂ ಹೇಳಿರಲಿಲ್ಲ ಎಂದು ಗಿರಿಜಾಳ ಮುಖದಿಂದ ತಿಳಿಯುತ್ತಿತ್ತು.

“ಆಮೇಲೆ ಒಂದ್ ದಿನ ಬಂದರಿನ ಕಾವಲಿನವ ಮೇಲ್ ಹತ್ತಿ ಬಂದ. ಅವ್ನ ಫೋನಂಗೆ ಒಂದ್ ವೀಡಿಯೊ ಇದ್ದಿತ್. ದೊಡ್ ದೊಡ್ಡವ್ರೆಲ್ಲ ಸಾಲಾಗಿ ಕೂತಿದ್ರ್. ನಡೂಗೆ ಕನ್ನಡಕ ಹಾಕ್ದವ್ರ್ ನಮ್ಮ್ ಹಡ್ಗಿನ ಹೆಸ್ರ್ ಎರಡ್ ಸಲ ಹೇಳ್ರ್. ನಾವೆಲ್ಲ ಕೂಗಿಬಿಟ್ಟತ್ ಶೆಟ್ರೆ. ನಾವ್ ಅಲ್ಲಿ ಇದ್ದತ್ ಅಂತ ಯಾರಿಗೋ ಗೊತ್ತಿತ್ತಲೆ! ಪೇಪರಿನವ್ರ್ ಬಂದರಿಗೆ ಬಂದ್ರ್, ಬೇರೆ ದೇಶದವ್ರೂ ಬಂದ್ರ್. ಮರುವಾರ ನೀರಿನ ಟ್ಯಾಂಕರ್ ಬಂತ್. ಡಾಕ್ಟ್ರೂ ಬಂದ್ರ್. ಅದಿಲ್ದಿದ್ರೆ ನಾ ಇಲ್ಲಿ ಕೂಕಂತಿರಲಿಲ್ಲೆ.”

ವಿನಯಾ ಗಂಡನ ಕಡೆ ನೋಡಿದರು.

“ಸಹಿ ಹಾಕಿದವ್ರ ಹೆಸ್ರೆಲ್ಲ ಕ್ಯಾಪ್ಟನ್ ಓದಿ ಹೇಳ್ರ್,” ಎಂದ ಶೇಖರ. “ನಮ್ಮೂರ್ ಬದಿಯವ್ರ್ ಒಬ್ರ್ ಇಲ್ಲಿ ರಾಯಭಾರಿ ಆಯಿದ್ರ್, ಅವ್ರ ಹೆಸ್ರ್ ಇಪ್ಪುದೇ ಅಂತ ನಾ ಎಲ್ಲರ ಹತ್ರ ಹೇಳಿದ್ದೆ. ಕಡಿವರಿಗೂ ಕೇಂಡೆ, ಬರ್ಲಿಲ್ಲೆ. ನಿಮ್ಗೆ ವಿಷ್ಯ ಗೊತ್ತಾಯ್ಲಿಲ್ಲೆ ಕಾಂತ್.”

ಅವನ ಮಾತಿನಲ್ಲಿ ದೂರು ಇರಲಿಲ್ಲ.

“ಗೊತ್ತಿದ್ದಿತ್,” ಎಂದಳು ಗಿರಿಜಾ. “ನಾನೇ ಬೇಡ ಅಂದದ್ದ್. ಅಪ್ಪಯ್ಯ ಅವ್ರ ಕಾಲಿಗೆ ಬಿದ್ದದ್ದ್.”

ಶೇಖರ ಅವಳನ್ನೂ ಅಪ್ಪನನ್ನೂ ನೋಡಿದ.

“ಅವ್ಳ್ ಕೇಂಡದ್ದ್ ತಪ್ಪಲ್ಲ,” ಎಂದರು ಶೆಟ್ಟರು. “ಒಪ್ಪಿದ್ದ್ ನಾನ್.”

ಶೇಖರ ಶೆಟ್ಟರ ಕಡೆ ತಿರುಗಿ ಕೇಳಿದ: “ಆ ಕನ್ನಡಕದವ್ರಿಗೆ ಒಂದ್ ಮಾತ್ ಹೇಳುಕಿದ್ದಿತ್. ಅವ್ರ ನಂಬ್ರ ನಿಮ್ಮ್ ಹತ್ರ ಇತ್ತಾ?”

ಶೆಟ್ಟರು ಅಂತೋನಿಯೊ ಸತ್ತದ್ದನ್ನು ಹೇಳಿದರು. ಎಲ್ಲಿ, ಹೇಗೆ ಎಂಬುದನ್ನೂ ಹೇಳಿದರು. ಶೇಖರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಸ್ನೇಹಿತ ಸತ್ತ ಮೇಲೆ ಶೆಟ್ಟರು ತೆರೇಜಾಳಿಗೆ ಸಂತಾಪ ಬರೆದಿದ್ದರೇ ಹೊರತು ದನಿ ಕೇಳಿಸುವ ಧೈರ್ಯ ಮಾಡಿರಲಿಲ್ಲ. ಈಗ ಫೋನ್ ಹಚ್ಚಿದರು. ಆಕೆ ಎತ್ತಿದಳು. ನಿನ್ನ ಅಪ್ಪ ಹೆಸರು ಹೇಳಿದ ಹಡಗಿನವನೊಬ್ಬ ಇಲ್ಲಿದ್ದಾನೆ ಎಂದು ಹೇಳಿ ಫೋನನ್ನು ಶೇಖರನ ಕೈಗೆ ಕೊಟ್ಟರು. ಅವನು ಹಡಗಿನಲ್ಲಿ ಕಲಿತ ಹರಕು ಇಂಗ್ಲಿಷಿನಲ್ಲಿ, ನಿಮ್ಮ ಅಪ್ಪ ಹೇಳಿದ ಮೇಲೆ ನಮಗೆ ನೀರು ಬಂತು ಎಂದ. ಮತ್ತೆ ಅದನ್ನೇ ಹೇಳಿದ. ಅತ್ತ ಕಡೆಯಿಂದ ಅಳು ಕೇಳಿಸಿತು. ಅವನೂ ಅತ್ತ. ಮಾತು ಮುಗಿದು ಫೋನ್ ತಿರುಗಿ ಶೆಟ್ಟರ ಕೈಗೆ ಬಂದಾಗ ತೆರೇಜಾ ಇಟ್ಟುಬಿಟ್ಟಿದ್ದಳು. ಶೆಟ್ಟರೊಂದಿಗೆ ಮಾತಾಡಲು ಆಕೆ ಕಾಯಲಿಲ್ಲ.

ಹೊರಡುವಾಗ ಅಪ್ಪ, ಮಗ ಅಂಗಳ ದಾಟಿ ರಸ್ತೆಯ ಕಡೆ ನಡೆದರು. ಗಿರಿಜಾ ಜಗಲಿಯ ಮೆಟ್ಟಿಲ ಹತ್ತಿರ ನಿಂತಳು.

“ಶೆಟ್ರೆ, ನಿಮ್ಮ್ ಹತ್ರ ಸುಳ್ಳ್ ಹೇಳುಕಾತಿಲ್ಲೆ. ನಾಳೆ ಹೀಂಗೇ ಆರೂ ನಾ ಬಂದ್ ಬೇಡ ಅಂತಲೇ ಹೇಳ್ತೆ.”

“ಗೊತ್ತಿತ್,” ಎಂದರು ಶೆಟ್ಟರು.

“ನೀವ್ ಎಂತ ಮಾಡ್ತ್ರಿ?”

ಶೆಟ್ಟರು ಕೈಯಲ್ಲಿದ್ದ ಫೋನಿನಲ್ಲಿ ತೆರೇಜಾಳ ಹೆಸರನ್ನು ನೋಡುತ್ತಿದ್ದರು. ಬಸ್ಸು ಬಂತೆಂದು ರಸ್ತೆಯಿಂದ ಶೇಖರ ಕೂಗಿದ. ಅವಳು ಸೆರಗು ಸರಿ ಮಾಡಿಕೊಂಡು ಬೇಗಬೇಗ ನಡೆದಳು.