ಪಕ್ಕದ ಜೀನ್

ಬಲ್ಲವರು ಮನ್ನಿಸಬೇಕು. ಸಂಜೆ ತರಗತಿಯಲ್ಲಿ ಕಲಿತಷ್ಟನ್ನೇ ಬಂಡವಾಳ ಮಾಡಿಕೊಂಡು ಜೀನ್‌ಗಳ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕ ತಂಗಿಯರಿಬ್ಬರಲ್ಲಿ ತಂಗಿ ಕೆಲಸ ಮಾಡುತ್ತಿದ್ದುದು ವಂಶವಾಹಿ ಪರೀಕ್ಷೆಯ ಲ್ಯಾಬಿನಲ್ಲಿ. ಕಿಟಕಿಯಿಲ್ಲದ ಕೋಣೆ, ಎರಡು ಕಂಪ್ಯೂಟರ್ ಪರದೆ, ಸದಾ ಗೊರಗುಟ್ಟುವ ಎ.ಸಿ. ರಕ್ತದಿಂದ ಓದಿ ತೆಗೆದ ಅಕ್ಷರಗಳ ಸಾಲಿನಲ್ಲಿ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಪ್ರೋಗ್ರಾಂ ಊಹಿಸುತ್ತದೆ; ಅದನ್ನು ಪರಿಶೀಲಿಸುವುದು ಅವಳ ಪಾಲಿನ ಕೆಲಸ. ಜೀನ್‌ಗಳ ನಡುವಿನ ಬಯಲಿನಲ್ಲಿ ಎನ್‌ಹಾನ್ಸರ್ ಎಂಬ ತುಣುಕುಗಳಿರುತ್ತವೆ. ಅವು ಯಾವುದೋ ಜೀನನ್ನು ಚುರುಕುಗೊಳಿಸುತ್ತವೆ. ಯಾವುದನ್ನು ಎಂದು ಗೊತ್ತಿಲ್ಲದಾಗ ಪ್ರೋಗ್ರಾಂ ಅತ್ಯಂತ ಹತ್ತಿರದ ಜೀನಿನ ಹೆಸರು ಬರೆದುಬಿಡುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು.

ಅಕ್ಕನ ಮಗುವಿನ ಹೃದಯ ಸರಿಯಾಗಿ ಬೆಳೆದಿರಲಿಲ್ಲ, ಹುಟ್ಟಿದ್ದು ಉಳಿಯಲಿಲ್ಲ. ಅತ್ತೆ ಎದ್ದರೆ ಕೂತರೆ, "ನಿನ್ನ ತವರಿನ ರಕ್ತವೇ ಸರಿಯಿಲ್ಲ" ಎನ್ನುತ್ತಿದ್ದರು. ಭಾವ ಪೇಪರು ಹಿಡಿದು ಜಗಲಿಗೆ ನಡೆದುಬಿಡುತ್ತಿದ್ದರು. ಕೊನೆಗೆ ಅಕ್ಕ, ಆಸ್ಪತ್ರೆಯವರು ತೆಗೆದಿಟ್ಟಿದ್ದ ಮಗುವಿನ ರಕ್ತದ ಜೊತೆ ತನ್ನದನ್ನೂ ಗಂಡನದನ್ನೂ ಲ್ಯಾಬಿಗೆ ಕೊಡಿಸಿದಳು.

ಜೀನ್‌ಗಳೆಲ್ಲ ನೆಟ್ಟಗಿದ್ದವು. ಬಯಲಿನಲ್ಲಿ ಮಾತ್ರ ಒಂದು ಎನ್‌ಹಾನ್ಸರ್ ಬಿಟ್ಟುಹೋಗಿತ್ತು. ಮಗುವಿನಲ್ಲೂ, ಭಾವನಲ್ಲೂ. ಅದರ ಮುಂದೆ ಪ್ರೋಗ್ರಾಂ ಬರೆದದ್ದು ಹೃದಯದ ಜೀನಿನ ಹೆಸರು. ಭಾವ ಗಟ್ಟಿಮುಟ್ಟಾಗಿದ್ದಾರಲ್ಲ ಎಂಬ ಸಂಶಯ ಇಣುಕಿತು; ಕೆಲವರಲ್ಲಿ ದೋಷ ಮರೆಯಲ್ಲೇ ಉಳಿಯುತ್ತದೆ ಎಂದು ತಂಗಿ ಅದರ ಬಾಯಿ ಮುಚ್ಚಿಸಿದಳು. ಲ್ಯಾಬಿನ ಮುಖ್ಯಸ್ಥೆ ನೋಡುವ ಮೊದಲೇ ಫೋನ್ ಮಾಡಿದಳು.

"ಅಕ್ಕಾ, ನಿಂದೇನೂ ಇಲ್ಲ ಕಣೆ. ಭಾವನ ಕಡೆಯಿಂದ ಬಂದದ್ದು."

"ನಿಜವಾಗ್ಲೂ?"

"ಕಣ್ಣೆದುರಿಗೇ ಇದೆ."

ಅಕ್ಕ ಅಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಅಂದೇ ಕಕ್ಕಿದಳು. "ಯಾರ ರಕ್ತ ಸರಿಯಿಲ್ಲ ಅಂತ ಈಗ ಹೇಳಿ, ಅತ್ತೆ!"

"ನಾನೇ ಕೊಂದೆ ಅಂತೀಯಲ್ಲ" ಎಂದಷ್ಟೇ ಹೇಳಿ, ಭಾವ ಅಮ್ಮನನ್ನು ಕರೆದುಕೊಂಡು ಮನೆ ಬಿಟ್ಟರು.

ಮುಖ್ಯಸ್ಥೆ ದೋಷವಿಲ್ಲದ ಜೀವಕೋಶಗಳಿಂದ ಆ ತುಣುಕನ್ನು ಕತ್ತರಿಸಿ ತೆಗೆಸಿ ನೋಡಿದರು. ಹೃದಯದ ಜೀನ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಡಿಎನ್‌ಎ ಎಳೆ ಮಡಚಿಕೊಂಡಾಗ ತುಣುಕು ಹೋಗಿ ಮುಟ್ಟುತ್ತಿದ್ದುದು ಎಷ್ಟೋ ದೂರದ, ಚರ್ಮವನ್ನು ನೋಡಿಕೊಳ್ಳುವ ಇನ್ನೊಂದು ಜೀನನ್ನು.

"ಬಸ್ಸಲ್ಲಿ ಪಕ್ಕ ಕೂತವರೆಲ್ಲ ನೆಂಟರೇನಮ್ಮ?"

"ಪ್ರೋಗ್ರಾಂ ಹಾಗೇ ಬರೆದಿತ್ತು ಮೇಡಂ."

"ಪ್ರೋಗ್ರಾಂಗೆ ಅಕ್ಕ ಇಲ್ಲ. ನಿನಗಿದ್ದಳಲ್ಲ."

ತಂಗಿ ಹೋಗಿ ಹೇಳಿದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು.

"ಹಾಗಾದ್ರೆ ಅವರಿಂದ ಅಲ್ವಾ?"

"ಅಲ್ಲ."

"ನನ್ನಿಂದ?"

"ಅದು... ಗೊತ್ತಿಲ್ಲಕ್ಕ."

"ನಿನ್ನನ್ನ ಓದಿಸಿದ್ದು ಸಾರ್ಥಕವಾಯ್ತು ಬಿಡು."

ತಂಗಿ ಭಾವನಿಗೂ ಫೋನ್ ಮಾಡಿದಳು. "ನಿಮ್ಮ ಲ್ಯಾಬು ಊಹೆ ಬದಲಾಯಿಸಿದಾಗಲೆಲ್ಲ ನಾನು ಗಂಟುಮೂಟೆ ಹೊತ್ತುಕೊಂಡು ಓಡಾಡ್ತಿರಬೇಕೇನಮ್ಮ?" ಎಂದು ಅವರು ಫೋನ್ ಇಟ್ಟರು. ಮರಳಿ ಬರಲಿಲ್ಲ.

ಮಗುವಿನ ಹೃದಯ ಏಕೆ ಬೆಳೆಯಲಿಲ್ಲ ಎಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.